ತೋಟಾ ಮೊದಲು, ನಳಿಗೆ ಕೊನೆಗೆ

ಅಮೆರಿಕ, ಬಂದೂಕು ಎಂಬ ಎರಡು ಮಾತು ಜೊತೆಯಾಗಿ ಕಿವಿಗೆ ಬಿದ್ದರೆ ನಮಗೆ ನೆನಪಾಗುವುದು ಅಲ್ಲಿನ ಶಾಲೆಗಳಲ್ಲಿ, ಮಾಲ್‌ಗಳಲ್ಲಿ ನಡೆದ ದುರಂತಗಳು. ಅದು ಸಹಜವೇ. ಆದರೆ ಅದೇ ದೇಶದ ಸಣ್ಣ ಸಣ್ಣ ಊರುಗಳ ಶೂಟಿಂಗ್ ಕ್ಲಬ್‌ಗಳಲ್ಲಿ ವಾರಾಂತ್ಯದ ಬೆಳಿಗ್ಗೆ ಶಾಲೆಯ ಹುಡುಗಿ, ಅವಳ ಅಪ್ಪ, ನಿವೃತ್ತ ಮೇಷ್ಟ್ರು ಎಲ್ಲರೂ ಸರದಿಗೆ ಕಾದು, ಎರಡೂವರೆ ಗ್ರಾಂ ತೂಕದ ಸೀಸದ ಗುಂಡೊಂದನ್ನು ನೂರು ಗಜ ದೂರದ ಉಕ್ಕಿನ ಬಿಲ್ಲೆಗೆ ಮುಟ್ಟಿಸಲು ಹೆಣಗುವ ಶಾಂತವಾದ ಕ್ರೀಡೆಯೊಂದೂ ಇದೆ. ಅಲ್ಲಿ ನೆಲೆಸಿರುವ ಕನ್ನಡಿಗರ ಮಕ್ಕಳೂ ಈಗ ಇದರತ್ತ ತಿರುಗುತ್ತಿದ್ದಾರೆ. ಹಾಗೆ ಹೊಸದಾಗಿ ಬಂದವರ ಕೈಯಲ್ಲಿ ಸಾಮಾನ್ಯವಾಗಿ ಇರುವುದು ಮನೆಯಲ್ಲಿ ಮೊದಲೇ ಇದ್ದ ಸೆಮಿ ಆಟೊಮ್ಯಾಟಿಕ್ .22 ರೈಫಲ್. ಅದನ್ನು ಪಂದ್ಯಕ್ಕೆ ಹದಗೊಳಿಸುವುದು ಹೇಗೆ, ಹಣ ಎಲ್ಲಿ ಹಾಕಬೇಕು, ಎಲ್ಲಿ ಹಾಕಬಾರದು ಎಂಬುದನ್ನು ಇಲ್ಲಿ ಬಿಡಿಸಿ ಹೇಳುತ್ತೇನೆ.

ಈ ಬಗೆಯ ಪಂದ್ಯಗಳಲ್ಲಿ ಹೊಸಬರಿಗೆ ಹೆಚ್ಚು ಹತ್ತಿರವಾದದ್ದು ಎನ್‌ಆರ್‌ಎಲ್22. ನ್ಯಾಷನಲ್ ರೈಫಲ್ ಲೀಗ್ ಎಂಬ ಸಂಸ್ಥೆ ತಿಂಗಳಿಗೊಮ್ಮೆ ಪಂದ್ಯದ ವಿವರ ಪ್ರಕಟಿಸುತ್ತದೆ; ಎಸ್ಸೆಸ್ಸೆಲ್ಸಿ ಪ್ರಶ್ನೆಪತ್ರಿಕೆ ಬೀದರಿಗೂ ಚಾಮರಾಜನಗರಕ್ಕೂ ಒಂದೇ ಇರುವ ಹಾಗೆ, ಇದರಲ್ಲಿ ಸೇರಿದ ಎಲ್ಲ ಕ್ಲಬ್‌ಗಳೂ ಅದನ್ನೇ ನಡೆಸುತ್ತವೆ. ಗುರಿಗಳು ನೂರು ಗಜದೊಳಗೇ ಇರುತ್ತವೆ. ಆದರೆ ಎಲ್ಲವನ್ನೂ ಮಲಗಿಕೊಂಡು ಆರಾಮಾಗಿ ಹೊಡೆಯುವ ಹಾಗಿಲ್ಲ. ಏಣಿಯ ಮೆಟ್ಟಿಲ ಮೇಲೆ, ಕುರ್ಚಿಯ ಬೆನ್ನಿನ ಮೇಲೆ, ಸಿಮೆಂಟ್ ಇಟ್ಟಿಗೆಯ ಮೇಲೆ ರೈಫಲ್ ಇಟ್ಟು, ಜಾಗ ಬದಲಿಸುತ್ತಾ, ಎರಡು ನಿಮಿಷದ ಆಸುಪಾಸಿನಲ್ಲಿ ಒಂದು ಸುತ್ತು ಮುಗಿಸಬೇಕು. ರೈಫಲ್ ಮತ್ತು ಸ್ಕೋಪಿನ ಒಟ್ಟು ಬೆಲೆಗೆ ಮಿತಿ ಹಾಕಿದ ಬೇಸ್ ಎಂಬ ವರ್ಗವೊಂದಿದೆ. ಹಣವಂತರೇ ಗೆಲ್ಲುವ ಆಟವಾಗದಿರಲಿ ಎಂದು ಮಾಡಿದ ಈ ಏರ್ಪಾಡು ನನಗೆ ಬಹಳ ಮೆಚ್ಚುಗೆಯಾದದ್ದು. ಹೊರಗಿನ ಬಿಡಿಭಾಗ ಹಾಕಿದರೆ ಈ ವರ್ಗದಲ್ಲಿ ಉಳಿಯುತ್ತೇವೋ ಇಲ್ಲವೋ ಎಂಬುದನ್ನು ಆಯಾ ವರ್ಷದ ನಿಯಮಾವಳಿ ಓದಿ ತಿಳಿದುಕೊಂಡ ಮೇಲೆಯೇ ಜೇಬಿಗೆ ಕೈ ಹಾಕಬೇಕು.

ಇನ್ನು ಆ ರೈಫಲ್. ಅಮೆರಿಕದಲ್ಲಿ ಸೆಮಿ ಆಟೊಮ್ಯಾಟಿಕ್ .22 ಎಂದರೆ ಬಹುಮಟ್ಟಿಗೆ ರೂಗರ್ ಕಂಪನಿಯ 10/22. 1964ರಲ್ಲಿ ಮಾರುಕಟ್ಟೆಗೆ ಬಂದದ್ದು ಇಂದಿಗೂ ತಯಾರಾಗುತ್ತಿದೆ. ಹತ್ತು ತೋಟಾ ಹಿಡಿಯುವ, ಒಳಗೇ ತಿರುಗುವ ಚಕ್ರದಂಥ ಮ್ಯಾಗಜೀನು, ಉಳಿದ ಭಾಗಗಳನ್ನೆಲ್ಲ ಹಿಡಿದಿಡುವ ಅಲ್ಯೂಮಿನಿಯಂ ಎರಕದ ರಿಸೀವರ್, ಅದಕ್ಕೆ ಎರಡು ಸ್ಕ್ರೂಗಳಿಂದ ಬಿಗಿದ ನಳಿಗೆ. ಬೇರೆ ಎಷ್ಟೋ ರೈಫಲ್‌ಗಳಲ್ಲಿ ನಳಿಗೆ ಬಿಚ್ಚಲು ವರ್ಕ್‌ಶಾಪಿನ ಯಂತ್ರಗಳೇ ಬೇಕು. ಇದಕ್ಕೆ ಅಡುಗೆಮನೆಯ ಮೇಜು, ಒಂದು ಸ್ಕ್ರೂ ಡ್ರೈವರ್, ಒಂದು ಅಲೆನ್ ಕೀಲಿ ಸಾಕು. ಆ ಸುಲಭದಿಂದಲೇ ಇದರ ಸುತ್ತ ಬಿಡಿಭಾಗಗಳ ದೊಡ್ಡ ಉದ್ಯಮವೇ ಬೆಳೆದಿದೆ. ಹೊಸಬರು ದಾರಿ ತಪ್ಪುವುದೂ ಇಲ್ಲೇ. ನೋಡಲು ಚೆಂದದ ದಪ್ಪ ನಳಿಗೆಯನ್ನು ಮೊದಲು ಕೊಂಡು, ತೋಟಾವನ್ನು ಅಂಗಡಿಯಲ್ಲಿ ಸಿಕ್ಕ ಅಗ್ಗದ ಡಬ್ಬಿಯಿಂದ ತುಂಬುತ್ತಾರೆ. ಆಗಬೇಕಾದದ್ದು ಇದಕ್ಕೆ ತದ್ವಿರುದ್ಧ.

ಈ .22 ಎಲ್‌ಆರ್ ತೋಟಾ 1887ರಷ್ಟು ಹಳೆಯದು. ಸ್ವಪ್ನಿಲ್ ಕುಸಾಳೆ 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಕಂಚು ಗೆದ್ದ 50 ಮೀಟರ್ ರೈಫಲ್ ಮೂರು ಭಂಗಿ ಸ್ಪರ್ಧೆಯಲ್ಲೂ ಬಳಕೆಯಾಗುವುದು ಇದೇ. ಇದು ರಿಮ್‌ಫೈರ್ ಬಗೆಯ ತೋಟಾ; ಅಂದರೆ, ಕಿಡಿ ಹೊತ್ತಿಸುವ ರಾಸಾಯನಿಕ ತೋಟಾದ ತಳದ ನಡುವೆ ಇರದೆ ಅಂಚಿನ ಮಡಿಕೆಯೊಳಗೆ ಇರುತ್ತದೆ. ಹಸಿಯಾಗಿದ್ದಾಗಲೇ ತಿರುಗಿಸಿ ಅದನ್ನು ಆ ಮಡಿಕೆಗೆ ಹರಡುತ್ತಾರೆ. ಎಲ್ಲ ತೋಟಾಗಳಲ್ಲೂ, ಅಂಚಿನ ಎಲ್ಲ ಕಡೆಯೂ ಸಮವಾಗಿ ಹರಡಿಸುವುದು ಕಷ್ಟದ ಕೆಲಸ. ಹರಡಿಕೆ ಏರುಪೇರಾದರೆ ಹೊತ್ತಿಕೊಳ್ಳುವ ರೀತಿ ಬದಲಾಗುತ್ತದೆ, ಗುಂಡಿನ ವೇಗವೂ ಬದಲಾಗುತ್ತದೆ. ದೊಡ್ಡ ರೈಫಲ್‌ನವರು ಮನೆಯಲ್ಲೇ ಮದ್ದು ಅಳೆದು ತೋಟಾ ಕಟ್ಟಿಕೊಂಡು ಇದನ್ನು ಸರಿಪಡಿಸಿಕೊಳ್ಳಬಹುದು. .22ರವರಿಗೆ ಆ ದಾರಿಯಿಲ್ಲ; ಕಾರ್ಖಾನೆ ಕೊಟ್ಟದ್ದೇ ಗತಿ.

ವೇಗದ ಏರುಪೇರು ಎಷ್ಟು ದುಬಾರಿ ಎಂದು ಲೆಕ್ಕ ಹಾಕಿ ನೋಡೋಣ. ಸಾಧಾರಣ ವೇಗದ ತೋಟಾದ ಗುಂಡು ನಳಿಗೆ ಬಿಡುವುದು ಸೆಕೆಂಡಿಗೆ ಸುಮಾರು 1,070 ಅಡಿ ವೇಗದಲ್ಲಿ. ಅದೇ ಡಬ್ಬಿಯ ಇನ್ನೊಂದು ತೋಟಾ 40 ಅಡಿ ನಿಧಾನವಾದರೆ 50 ಗಜದಲ್ಲಿ ಅದು ಕಾಲು ಇಂಚಿನಷ್ಟು ಕೆಳಗೆ ಬೀಳುತ್ತದೆ, ಅಷ್ಟಾಗಿ ಗೊತ್ತಾಗುವುದಿಲ್ಲ. 100 ಗಜದಲ್ಲಿ ವ್ಯತ್ಯಾಸ ಸುಮಾರು ಒಂದು ಇಂಚಾಗುತ್ತದೆ. ಎರಡು ಇಂಚಿನ ಬಿಲ್ಲೆಯ ನಡುವಿಗೆ ಸರಿಯಾಗಿ ಗುರಿಯಿಟ್ಟು, ಉಸಿರು ಹಿಡಿದು, ಏನೂ ತಪ್ಪು ಮಾಡದೆ ಹೊಡೆದರೂ ಗುಂಡು ಅಂಚು ತಪ್ಪಿಹೋಗಬಹುದು. ಯಾವ ನಳಿಗೆಯೂ ಇದನ್ನು ತಿದ್ದಲಾರದು.

ಇಲ್ಲಿ ಇನ್ನೊಂದು ವಿಚಾರವಿದೆ. ಮೊದಲ ಸಲ ಕೇಳಿದಾಗ ಯಾರಿಗೂ ನಂಬಿಕೆ ಬರುವುದಿಲ್ಲ. ವೇಗದ ಗುಂಡಿಗೆ ಗಾಳಿ ಕಡಿಮೆ ತಾಗುತ್ತದೆ ಎಂದು ನಾವೆಲ್ಲ ಊಹಿಸುತ್ತೇವೆ. .22ರಲ್ಲಿ ಆಗುವುದು ಉಲ್ಟಾ. ಅಡ್ಡಗಾಳಿ ಗುಂಡನ್ನು ಎಷ್ಟು ಸರಿಸುತ್ತದೆ ಎಂಬುದು ಹಾರಾಟದ ಒಟ್ಟು ಸಮಯದ ಮೇಲೆ ನಿಂತಿಲ್ಲ. ನಿರ್ವಾತದಲ್ಲಿ ಹಾರಿದ್ದರೆ ತಗಲುತ್ತಿದ್ದ ಸಮಯಕ್ಕಿಂತ ಗಾಳಿಯಲ್ಲಿ ಎಷ್ಟು ತಡವಾಯಿತು ಎಂಬುದರ ಮೇಲೆ ನಿಂತಿದೆ. ಶಬ್ದದ ವೇಗ ಸೆಕೆಂಡಿಗೆ ಸುಮಾರು 1,125 ಅಡಿ. ಅದನ್ನು ಮೀರಿ 1,250 ಅಡಿ ವೇಗದಲ್ಲಿ ಹೊರಟ ಗುಂಡಿಗೆ ಗಾಳಿಯ ತಡೆ ವಿಪರೀತ. ಹೆಚ್ಚುವರಿ ವೇಗವನ್ನು ಬೇಗನೆ ಕಳೆದುಕೊಳ್ಳುತ್ತದೆ, ತಡವೂ ಹೆಚ್ಚುತ್ತದೆ. ಗಂಟೆಗೆ ಹತ್ತು ಮೈಲಿಯ ಅಡ್ಡಗಾಳಿ 100 ಗಜದಲ್ಲಿ ಸಾಧಾರಣ ವೇಗದ ಗುಂಡನ್ನು ಮೂರೂವರೆ ನಾಲ್ಕು ಇಂಚು ಸರಿಸಿದರೆ, ಅತಿವೇಗದ ಗುಂಡನ್ನು ಅದಕ್ಕಿಂತ ಸುಮಾರು ಒಂದು ಇಂಚು ಹೆಚ್ಚೇ ಸರಿಸುತ್ತದೆ. ಜೊತೆಗೆ ಶಬ್ದದ ವೇಗದಿಂದ ಕೆಳಗಿಳಿಯುವ ಹೊತ್ತಿನಲ್ಲಿ ಗುಂಡಿನ ಮೇಲೆ ಬೀಳುವ ಒತ್ತಡಗಳು ಅಸ್ಥಿರವಾಗಿ ಅದರ ದಾರಿ ಕದಡುತ್ತವೆ. ಡಬ್ಬಿಯ ಮೇಲೆ ‘ಹೈ ವೆಲಾಸಿಟಿ’ ಎಂದು ದಪ್ಪಕ್ಷರದಲ್ಲಿ ಬರೆದ ತೋಟಾ ನಮ್ಮ ಕೆಲಸಕ್ಕೆ ಬಾರದ್ದು ಇದರಿಂದಲೇ.

ಹಾಗಾದರೆ ಕೊಳ್ಳಬೇಕಾದದ್ದು ಯಾವುದು? ಸಿಸಿಐ ಸ್ಟ್ಯಾಂಡರ್ಡ್, ಎಸ್‌ಕೆ ಸ್ಟ್ಯಾಂಡರ್ಡ್ ಪ್ಲಸ್, ಎಲೀ ಮತ್ತು ಲಾಪುವಾ ಕಂಪನಿಗಳ ಶಬ್ದವೇಗದೊಳಗಿನ ಪಂದ್ಯದ ತೋಟಾಗಳು, ಹೀಗೆ ನಾಲ್ಕೈದು ಬಗೆಯಲ್ಲಿ ಒಂದೊಂದು ಡಬ್ಬಿ ತಂದು ನಿಮ್ಮ ರೈಫಲ್‌ನಲ್ಲೇ ಹೊಡೆದು ನೋಡಿ. ಪಕ್ಕದವರ ರೈಫಲ್ ಒಪ್ಪಿದ್ದನ್ನು ನಿಮ್ಮದು ಒಪ್ಪಬೇಕೆಂದಿಲ್ಲ. ಒಂದು ಬಗೆಯಿಂದ ಇನ್ನೊಂದಕ್ಕೆ ಹೋಗುವಾಗ ಮೊದಲ ಹತ್ತು ಹದಿನೈದು ಗುಂಡುಗಳನ್ನು ಲೆಕ್ಕಕ್ಕೆ ಹಿಡಿಯಬೇಡಿ. ಹೊಸ ಗುಂಡಿನ ಮೇಣ ನಳಿಗೆಯೊಳಗೆ ಹಳೆಯದರ ಜಾಗ ಹಿಡಿಯುವವರೆಗೆ ಗುರಿ ನಿಲ್ಲುವುದಿಲ್ಲ. ಅಳೆಯುವಾಗ ಮೂರು ಗುಂಡಿನ ಗುಂಪನ್ನು ನಂಬಬೇಡಿ. ಅದೇ ರೈಫಲ್, ಅದೇ ತೋಟಾ, ಅದೇ ಕೈ ಇದ್ದರೂ ಹತ್ತು ಗುಂಡಿನ ಗುಂಪು ಮೂರರ ಗುಂಪಿಗಿಂತ ಸರಾಸರಿ ಒಂದೂವರೆ ಪಟ್ಟು ಅಗಲವಾಗಿರುತ್ತದೆ. ಇದು ಶುದ್ಧ ಸಂಭವನೀಯತೆಯ ಲೆಕ್ಕ. ಮೂರು ರಂಧ್ರ ಒಂದಕ್ಕೊಂದು ತಾಗಿದ ಕಾಗದವನ್ನು ಕಿಸೆಯಲ್ಲಿಟ್ಟುಕೊಂಡು ‘ನನ್ನ ರೈಫಲ್ ಹೀಗೆ’ ಎನ್ನುವವರು ಪ್ರತಿ ಕ್ಲಬ್ಬಿನಲ್ಲೂ ಸಿಗುತ್ತಾರೆ. ಐದು ಗುಂಡಿನ ಐದು ಗುಂಪು ಹೊಡೆದು ಐದರ ಸರಾಸರಿ ತೆಗೆಯಿರಿ. ಕೆಟ್ಟ ಗುಂಪನ್ನು ಬಿಟ್ಟುಬಿಡುವ ಆಸೆಗೆ ಬೀಳಬೇಡಿ.

ಸೆಮಿ ಆಟೊಮ್ಯಾಟಿಕ್‌ಗೆ ಮಾತ್ರ ಸೇರಿದ ತೊಂದರೆಯೊಂದನ್ನು ಹತ್ತಿರದಿಂದ ನೋಡಬೇಕು. ಬೋಲ್ಟ್ ಆಕ್ಷನ್ ರೈಫಲ್‌ನಲ್ಲಿ ತೋಟಾವನ್ನು ನಳಿಗೆಗೆ ಸೇರಿಸುವುದು ನಿಮ್ಮ ಕೈ. ಇಲ್ಲಿ ಸ್ಪ್ರಿಂಗಿನ ಬಲದಿಂದ ಬೋಲ್ಟ್ ಎಂಬ ಉಕ್ಕಿನ ತುಂಡು ರಭಸವಾಗಿ ಮುಂದೆ ಬಂದು ತೋಟಾವನ್ನು ನೂಕುತ್ತದೆ. ಮೇಣ ಹಚ್ಚಿದ ಮೆತ್ತನೆಯ ಸೀಸ ನಳಿಗೆಯ ಬಾಯಿಯ ಉಕ್ಕಿಗೆ ಬಡಿಯುತ್ತದೆ. ರೇಂಜ್‌ನಲ್ಲಿ, ನಳಿಗೆಯನ್ನು ಗುರಿಯ ದಿಕ್ಕಿಗೇ ಇಟ್ಟು, ಬೆರಳು ಟ್ರಿಗರ್‌ನಿಂದ ದೂರವಿಟ್ಟು, ಒಂದು ತೋಟಾವನ್ನು ಒಳಗೆ ಬಿಟ್ಟು ಮತ್ತೆ ಹೊರತೆಗೆದು ಭೂತಗನ್ನಡಿಯಲ್ಲಿ ನೋಡಿ. ಸೀಸದ ಒಂದು ಮಗ್ಗುಲಲ್ಲಿ ಉಗುರಿನಿಂದ ಕೆರೆದಂಥ ಹೊಳೆಯುವ ಗೀರು ಕಾಣುತ್ತದೆ. ಗೀರು ಸಣ್ಣದಿದ್ದು ಎಲ್ಲ ತೋಟಾಗಳಲ್ಲೂ ಒಂದೇ ಕಡೆ ಇದ್ದರೆ ಚಿಂತೆಯಿಲ್ಲ. ಸೀಸ ಸಿಪ್ಪೆಯಂತೆ ಎದ್ದಿದ್ದರೆ, ಗುಂಡು ಓರೆಯಾಗಿದ್ದರೆ ಎಷ್ಟು ದುಬಾರಿ ತೋಟಾ ಹಾಕಿದರೂ ವ್ಯರ್ಥ. ಮ್ಯಾಗಜೀನು ಬದಲಿಸಿ ನೋಡಿ, ನಳಿಗೆಯ ಬಾಯಿ ಒರೆಸಿ ನೋಡಿ. ಪ್ರತಿ ಮ್ಯಾಗಜೀನಿನ ಮೊದಲ ಗುಂಡು ಮಾತ್ರ ಬೇರೆ ಕಡೆ ಬೀಳುವುದೂ ಈ ರೈಫಲ್‌ಗಳಲ್ಲಿ ಮಾಮೂಲು. ಮೊದಲನೆಯದನ್ನು ಕೈಯಿಂದ, ಉಳಿದವನ್ನು ಯಂತ್ರವೇ ತುಂಬುವುದರಿಂದ ಹೀಗಾಗುತ್ತದೆ. ಬೋಲ್ಟನ್ನು ಮೆಲ್ಲಗೆ ಹಿಡಿದು ಮುಂದೆ ಬಿಡಬೇಡಿ. ಪೂರ್ತಿ ಹಿಂದಕ್ಕೆಳೆದು ತನ್ನ ಪಾಡಿಗೆ ಹೋಗಲು ಬಿಡಿ.

ತೋಟಾ ಗೊತ್ತಾದ ಮೇಲೆ ಸ್ಕೋಪು. ಇಲ್ಲಿ ವರ್ಧನೆಯ ಅಂಕಿಗಿಂತ ಮುಖ್ಯವಾದದ್ದು ಪ್ಯಾರಲಾಕ್ಸ್ ಹೊಂದಾಣಿಕೆ. ದೊಡ್ಡ ರೈಫಲ್‌ಗಳ ಸಾಮಾನ್ಯ ಸ್ಕೋಪನ್ನು ಕಾರ್ಖಾನೆಯಲ್ಲೇ 100 ಗಜಕ್ಕೋ ಅದಕ್ಕಿಂತ ದೂರಕ್ಕೋ ಹೊಂದಿಸಿ ಬಿಟ್ಟಿರುತ್ತಾರೆ. ನಮ್ಮ ಪಂದ್ಯದಲ್ಲಿ 25 ಗಜದ ಗುರಿಯೂ ಬರುತ್ತದೆ. ರೈಫಲನ್ನು ಮರಳಚೀಲದ ಮೇಲೆ ಅಲುಗದಂತೆ ಇಟ್ಟು, ಕೈ ತಾಗಿಸದೆ, ಹತ್ತಿರದ ಗುರಿಯೊಂದನ್ನು ನೋಡುತ್ತಾ ತಲೆಯನ್ನು ಮಾತ್ರ ಮೇಲೆ ಕೆಳಗೆ ಆಡಿಸಿ. ಗುರಿಯ ಮೇಲೆ ಕ್ರಾಸ್‌ಹೇರ್ ಗೆರೆ ಜಾರುತ್ತಿದ್ದರೆ, ಏಣಿಯ ಮೇಲೆ ಕತ್ತು ಓರೆ ಮಾಡಿ ಹೊಡೆಯುವಾಗ ನಿಮ್ಮ ಗುಂಡೂ ಅಷ್ಟೇ ಜಾರುತ್ತದೆ. 25 ಗಜದವರೆಗೆ ಇದನ್ನು ಸರಿಹೊಂದಿಸುವ ತಿರುಪು ಇರುವ ಸ್ಕೋಪನ್ನೇ ಕೊಳ್ಳಬೇಕು.

ಇನ್ನೊಂದು, ಎತ್ತರದ ತಿರುಪು ನಂಬಿಕೆಗೆ ಅರ್ಹವಾಗಿರಬೇಕು. 50 ಗಜಕ್ಕೆ ಸರಿಮಾಡಿಕೊಂಡ ರೈಫಲ್ 100 ಗಜದಲ್ಲಿ ಸುಮಾರು 7 ಇಂಚು ಕೆಳಗೆ ಹೊಡೆಯುತ್ತದೆ. ಮಿಲ್ ಲೆಕ್ಕದ ಸ್ಕೋಪಿನಲ್ಲಿ ಒಂದು ಕ್ಲಿಕ್ ಎಂದರೆ 100 ಗಜದಲ್ಲಿ 0.36 ಇಂಚು, ಹತ್ತೊಂಬತ್ತು ಇಪ್ಪತ್ತು ಕ್ಲಿಕ್ ತಿರುಗಿಸಬೇಕು. ಪಂದ್ಯದ ಮಧ್ಯೆ ಹೀಗೆ ಎಷ್ಟೋ ಸಲ ಮೇಲೆ ಕೆಳಗೆ ತಿರುಗಿಸುತ್ತೀರಿ. ಇಪ್ಪತ್ತು ಮೇಲೆ, ಇಪ್ಪತ್ತು ಕೆಳಗೆ ತಿರುಗಿಸಿದಾಗ ಮೊದಲಿನ ಜಾಗಕ್ಕೇ ಗುಂಡು ಬೀಳದಿದ್ದರೆ ಆ ಸ್ಕೋಪನ್ನು ಹಿಂದಿರುಗಿಸಿಬಿಡಿ. ರಾತ್ರಿ ನಿದ್ದೆಗೆಡಿಸುವ ಎಷ್ಟೋ ‘ರೈಫಲ್ ಸಮಸ್ಯೆ’ಗಳು ಕೊನೆಗೆ ಅಗ್ಗದ ಸ್ಕೋಪಿನಲ್ಲೋ, ಸಡಿಲವಾದ ಸ್ಕೋಪಿನ ಉಂಗುರದಲ್ಲೋ ಹೋಗಿ ನಿಲ್ಲುತ್ತವೆ.

ಮೂರನೆಯದು ಟ್ರಿಗರ್. ಕಾರ್ಖಾನೆಯ ಟ್ರಿಗರ್ ಎಳೆಯಲು ಆರು ಪೌಂಡಿನ ಆಸುಪಾಸಿನ ಬಲ ಬೇಕಾಗುತ್ತದೆ. ರೈಫಲ್‌ನ ತೂಕವೇ ಸುಮಾರು ಐದು ಪೌಂಡ್. ತನಗಿಂತ ಭಾರವಾದ ಎಳೆತಕ್ಕೆ ಅದು ಅಲುಗದೆ ಇರಲು ಸಾಧ್ಯವೇ? ರೂಗರ್ ಕಂಪನಿಯೇ ಬಿಎಕ್ಸ್ ಎಂಬ ಹೆಸರಿನಲ್ಲಿ ಮೂರು ಪೌಂಡಿನೊಳಗಿನ ಟ್ರಿಗರ್ ಜೋಡಣೆ ಮಾರುತ್ತದೆ. ಎರಡು ಪಿನ್ ತೆಗೆದು ಹಳೆಯದನ್ನು ಇಳಿಸಿ ಹೊಸದನ್ನು ಕೂರಿಸಿದರಾಯಿತು. ಹೊಸಬರಿಗೆ ಅದು ಧಾರಾಳವಾಗಿ ಸಾಕು. ಒಳಗಿನ ಕೊಕ್ಕೆಗಳನ್ನು ಮನೆಯಲ್ಲಿ ಅರದಿಂದ ಉಜ್ಜಿ ಹಗುರ ಮಾಡುವ ಸಾಹಸ ಮಾತ್ರ ಬೇಡವೇ ಬೇಡ. ಕೊಕ್ಕೆಯ ಅಂಚು ಕೂದಲಷ್ಟು ತಪ್ಪಿದರೂ ರೈಫಲ್ ಕೆಳಗಿಟ್ಟಾಗಲೇ ಹಾರಬಹುದು, ಒಂದು ಎಳೆತಕ್ಕೆ ಎರಡು ಗುಂಡು ಹೋಗಬಹುದು. ಪಕ್ಕದಲ್ಲಿ ಮಕ್ಕಳು ನಿಂತಿರುವ ಕ್ರೀಡೆ ಇದು. ಹೊಸ ಟ್ರಿಗರ್ ಕೂರಿಸಿದ ಮೇಲೂ ತೋಟಾ ಇಲ್ಲದೆಯೇ ಸೇಫ್ಟಿ ಹಿಡಿಯುತ್ತದೆಯೇ ಎಂದು ಪರೀಕ್ಷಿಸಿ, ಆಮೇಲೆ ಒಂದೇ ತೋಟಾ, ನಂತರ ಎರಡು ಎಂದು ಹಂತಹಂತವಾಗಿ ನೋಡಬೇಕು.

ಸ್ಟಾಕ್, ಅಂದರೆ ಭುಜಕ್ಕೆ ಆನಿಸುವ ಮರದ ಅಥವಾ ಪ್ಲಾಸ್ಟಿಕ್ ಭಾಗ, ನಾಲ್ಕನೆಯದು. ಹಳೆಯ ಮಾದರಿಯ ಸ್ಟಾಕ್ ಸ್ಕೋಪಿಲ್ಲದೆ ಗುರಿಯಿಡಲು ತಕ್ಕಂತೆ ಕೆಳಗಿರುತ್ತದೆ. ಸ್ಕೋಪು ಕೂರಿಸಿದಾಗ ಕೆನ್ನೆ ಗಾಳಿಯಲ್ಲಿ ತೇಲುತ್ತದೆ, ಕಣ್ಣು ಪ್ರತಿ ಸಲ ಬೇರೆ ಜಾಗದಲ್ಲಿ ನಿಲ್ಲುತ್ತದೆ. ಒಂದಿಷ್ಟು ಫೋಮ್ ಹಾಳೆ, ಮೇಲೆ ಟೇಪು ಸುತ್ತಿ ಕೆನ್ನೆಯ ಎತ್ತರ ಏರಿಸಿಕೊಂಡರೆ ಬಹುಪಾಲು ಕೆಲಸವಾಯಿತು. ಕಾರ್ಬೈನ್ ಮಾದರಿಯಲ್ಲಿ ಸ್ಟಾಕಿನ ಮುಂತುದಿಯಲ್ಲಿ ನಳಿಗೆಯನ್ನು ಅಪ್ಪಿ ಹಿಡಿದ ಪಟ್ಟಿಯೊಂದಿರುತ್ತದೆ. ಏಣಿಯ ಮೇಲೆ ರೈಫಲ್ ಊರಿದಾಗ ಆ ಒತ್ತಡ ನೇರವಾಗಿ ನಳಿಗೆಗೆ ಹೋಗುತ್ತದೆ, ಗುರಿ ಸರಿಯುತ್ತದೆ. ಪಟ್ಟಿ ತೆಗೆದು, ನಳಿಗೆ ಮತ್ತು ಸ್ಟಾಕಿನ ನಡುವೆ ಕಾಗದದ ಚೂರು ಸಲೀಸಾಗಿ ಓಡಾಡುವಷ್ಟು ಸಂದು ಮಾಡಿಕೊಳ್ಳಿ. ಈ ರೈಫಲನ್ನು ಸ್ಟಾಕಿಗೆ ಬಿಗಿಯುವುದು ಒಂದೇ ಒಂದು ಸ್ಕ್ರೂ. ಅದನ್ನು ಪ್ರತಿ ಸಲ ಒಂದೇ ಬಿಗಿತಕ್ಕೆ ತರಲು ಟಾರ್ಕ್ ಅಳೆಯುವ ಸ್ಕ್ರೂ ಡ್ರೈವರ್ ಕೊಂಡರೆ ದುಡ್ಡು ದಂಡವಲ್ಲ. ನನ್ನ ಕೇಳಿದರೆ, ಸ್ಟಾಕಿನ ಬದಲು ಹಾಕುವ ಬಣ್ಣಬಣ್ಣದ ಅಲ್ಯೂಮಿನಿಯಂ ಚಾಸಿಗಿಂತ ಇದು ಮೊದಲು.

ನಳಿಗೆಯ ಸರದಿ ಈಗ. ಕಾರ್ಖಾನೆಯ ನಳಿಗೆಯ ಕೋಣೆಯನ್ನು, ಅಂದರೆ ತೋಟಾ ಕೂರುವ ಜಾಗವನ್ನು, ಯಾವ ಕಂಪನಿಯ ಎಂಥ ತೋಟಾ ಹಾಕಿದರೂ ಸಿಕ್ಕಿಕೊಳ್ಳದಿರಲಿ ಎಂದು ಕೊಂಚ ಸಡಿಲವಾಗಿ ಕೊರೆದಿರುತ್ತಾರೆ. ಸಡಿಲ ಕೋಣೆಯಲ್ಲಿ ಗುಂಡು ನಳಿಗೆಯೊಳಗಿನ ಸುರುಳಿ ಗೀರುಗಳಿಗೆ ನೆಟ್ಟಗೆ ಹೊಗುವುದಿಲ್ಲ. ಪಂದ್ಯದ ನಳಿಗೆಗಳಲ್ಲಿ ಬೆಂಟ್ಜ್ ಎಂಬ ಅಳತೆಯ ಕೋಣೆ ಸಾಮಾನ್ಯ. ಗುಂಡಿಗೆ ಬಿಗಿ ಹಿಡಿತ ಕೊಡುತ್ತದೆ, ಹೊಡೆಯದ ತೋಟಾವನ್ನೂ ತೊಂದರೆಯಿಲ್ಲದೆ ಹೊರಗೆ ಎಳೆಯಲು ಬಿಡುತ್ತದೆ. ಅದಕ್ಕಿಂತಲೂ ಬಿಗಿಯಾದ, ಬೋಲ್ಟ್ ಆಕ್ಷನ್‌ಗಳ ಪಂದ್ಯದ ಕೋಣೆಯನ್ನು ಸೆಮಿ ಆಟೊಮ್ಯಾಟಿಕ್‌ಗೆ ಹಾಕಿಸಿದರೆ ಹತ್ತಾರು ಗುಂಡಿನ ನಂತರ ಮೇಣ, ಮಸಿ ಕಟ್ಟಿ ತೋಟಾ ಪೂರ್ತಿ ಒಳಗೆ ಹೋಗದೆ ನಿಲ್ಲಬಹುದು. ಎರಡು ನಿಮಿಷದ ಸುತ್ತಿನಲ್ಲಿ ಅದನ್ನು ಬಿಡಿಸುತ್ತಾ ಕೂತರೆ ಅಂಕ ಹೋಯಿತು. ಹೊಸ ನಳಿಗೆ ಹಾಕುವಾಗ ಅದನ್ನು ರಿಸೀವರಿಗೆ ಎಳೆದು ಹಿಡಿಯುವ ‘ವಿ’ ಆಕಾರದ ತುಂಡಿನ ಎರಡೂ ಸ್ಕ್ರೂಗಳನ್ನು ಒಂದಾದ ಮೇಲೊಂದು, ಸ್ವಲ್ಪ ಸ್ವಲ್ಪವಾಗಿ, ಸಮನಾಗಿ ಬಿಗಿಯಬೇಕು. ತುಂಬ ದಪ್ಪ ನಳಿಗೆಯ ಭಾರವೆಲ್ಲ ಮೆತ್ತನೆಯ ಅಲ್ಯೂಮಿನಿಯಂ ರಿಸೀವರಿಗೆ ಜೋತು ಬೀಳುತ್ತದೆ ಎಂಬುದೂ ನೆನಪಿರಲಿ. ಒಳಗೆ ಉಕ್ಕಿನ ಕೊಳವೆ, ಹೊರಗೆ ಕಾರ್ಬನ್ ನಾರು ಸುತ್ತಿದ ಹಗುರ ನಳಿಗೆಗಳು ಬಂದಿರುವುದು ಇದಕ್ಕೂ ಒಂದು ಪರಿಹಾರ.

ಬೋಲ್ಟ್ ಎಳೆಯುವ ಉದ್ದ ಹಿಡಿಕೆ, ಮ್ಯಾಗಜೀನು ಬಿಡಿಸುವ ದೊಡ್ಡ ಗುಂಡಿ, ಬೋಲ್ಟ್ ಹಿಂದೆ ಬಡಿಯುವಲ್ಲಿ ಉಕ್ಕಿನ ಬದಲು ಪಾಲಿಯುರೆಥೇನ್ ಪಿನ್: ಇವೆಲ್ಲ ಅನುಕೂಲಗಳು, ನಿಖರತೆಯಲ್ಲ. ಸ್ವಚ್ಛ ಮಾಡುವಾಗ ನಳಿಗೆಯ ಮೂತಿಯ ಕಡೆಯಿಂದ ಸರಳು ತೂರಬೇಡಿ, ಅಂಚು ಸವೆದರೆ ಗುಂಡು ಹೊರಡುವ ದಿಕ್ಕೇ ಕೆಡುತ್ತದೆ; ಹಿಂದಿನಿಂದ ತೂರಿಸಿ ಮೂತಿಯ ಕಡೆಗೆ ಎಳೆಯುವ ಹಗ್ಗ ಬಳಸಿ.

ಇಷ್ಟೆಲ್ಲ ಮಾಡಿದ 10/22 ಒಳ್ಳೆಯ ಬೋಲ್ಟ್ ಆಕ್ಷನ್ ರೈಫಲ್‌ಗೆ ಸಮನಾಗುತ್ತದೆಯೇ? ಚೆನ್ನಾಗಿ ಕಟ್ಟಿದರೆ ಹತ್ತಿರ ಬರುತ್ತದೆ, ಆದರೆ ಅಷ್ಟು ಹೊತ್ತಿಗೆ ಖರ್ಚು ಅದರ ಮೂಲ ಬೆಲೆಯ ಹಲವು ಪಟ್ಟಾಗಿರುತ್ತದೆ. ಝೆಕ್ ದೇಶದ ಸಿಝಡ್ 457ನಂಥ ರೈಫಲ್ ಪೆಟ್ಟಿಗೆಯಿಂದ ತೆಗೆದ ದಿನವೇ ಆ ಮಟ್ಟದಲ್ಲಿ ಹೊಡೆಯುತ್ತದೆ. ತೋಟಾ, ಸ್ಕೋಪು, ಟ್ರಿಗರ್, ಕೆನ್ನೆಯ ಎತ್ತರ ಇಷ್ಟರವರೆಗೆ ಹಳೆಯ ರೈಫಲ್ ಮೇಲೆ ಹಾಕಿದ ಹಣ ವ್ಯರ್ಥವಲ್ಲ. ಸ್ಕೋಪು ಮುಂದಿನ ರೈಫಲ್‌ಗೂ ಬರುತ್ತದೆ, ಕಲಿತ ಅಭ್ಯಾಸ ಎಲ್ಲಿಗೂ ಹೋಗುವುದಿಲ್ಲ. ಪಂದ್ಯದ ನಳಿಗೆ ಕೊಳ್ಳುವ ಹಂತಕ್ಕೆ ಬಂದಾಗ ಮಾತ್ರ ಒಂದು ಕ್ಷಣ ನಿಂತು, ಆ ಹಣವನ್ನು ಹೊಸ ಬೋಲ್ಟ್ ಆಕ್ಷನ್‌ಗೆ ಸೇರಿಸುವುದು ಲೇಸೇ ಎಂದು ಯೋಚಿಸಬೇಕು. ನನ್ನ ಮಟ್ಟಿಗೆ, ಪಂದ್ಯದ ಬಗ್ಗೆ ಗಂಭೀರವಾಗಿರುವವರು ಅಲ್ಲಿ ದಾರಿ ಬದಲಿಸುವುದೇ ಸರಿ. ಕೈಯಾರೆ ಒಂದು ಯಂತ್ರವನ್ನು ತಿದ್ದುವ ಸಂತೋಷವೇ ಮುಖ್ಯವಾದವರು ಮುಂದುವರಿಯಲಿ.

ಕಾನೂನಿನ ಮಾತನ್ನು, ಅದರಲ್ಲೂ ಅಲ್ಲಿನ ಕನ್ನಡಿಗರಿಗಾಗಿ, ಸ್ಪಷ್ಟವಾಗಿ ಹೇಳಬೇಕು. ಎಚ್-1ಬಿಯಂಥ ತಾತ್ಕಾಲಿಕ ವೀಸಾದಲ್ಲಿ ಇರುವವರು ಬಂದೂಕನ್ನಾಗಲೀ ತೋಟಾವನ್ನಾಗಲೀ ಹೊಂದುವುದನ್ನು ಅಮೆರಿಕದ ಕೇಂದ್ರ ಕಾನೂನು ಸಾಮಾನ್ಯವಾಗಿ ನಿಷೇಧಿಸುತ್ತದೆ. ಅಲ್ಲಿನ ರಾಜ್ಯವೊಂದು ಕೊಟ್ಟ ಊರ್ಜಿತ ಬೇಟೆ ಪರವಾನಗಿ ಇದ್ದವರಿಗೆ ವಿನಾಯಿತಿಯಂಥ ಕೆಲವು ಅಪವಾದಗಳಿವೆ. ಗ್ರೀನ್ ಕಾರ್ಡ್ ಇದ್ದವರಿಗೆ ಈ ನಿಷೇಧವಿಲ್ಲ. ಉಲ್ಲಂಘನೆ ಜೈಲಿಗೂ ಗಡೀಪಾರಿಗೂ ದಾರಿಯಾಗಬಲ್ಲ ಅಪರಾಧ. ಗೆಳೆಯನ ರೈಫಲ್ ಕೈಗೆತ್ತಿಕೊಳ್ಳುವ ಮೊದಲೂ ವಕೀಲರನ್ನು ಕೇಳಿ. ಬಿಡಿಭಾಗ ಕೊಳ್ಳುವಾಗ ಕೇಂದ್ರ ಕಾನೂನಿನ ಪ್ರಕಾರ ಸಂಖ್ಯೆ ಕೆತ್ತಿದ ರಿಸೀವರ್ ಮಾತ್ರ ಬಂದೂಕು, ಉಳಿದವು ಬಿಡಿಭಾಗ. ಆದರೆ ಕೆಲವು ರಾಜ್ಯಗಳು ಮ್ಯಾಗಜೀನಿನ ಗಾತ್ರಕ್ಕೂ ಬೇರೆ ಸಂಗತಿಗಳಿಗೂ ತಮ್ಮದೇ ಮಿತಿ ಹಾಕಿವೆ.

ನಮ್ಮಲ್ಲಿ ಇದೆಲ್ಲ 1959ರ ಶಸ್ತ್ರಾಸ್ತ್ರ ಕಾಯ್ದೆಯ ಹಿಡಿತದಲ್ಲಿದೆ. ಪರವಾನಗಿಯಿಲ್ಲದೆ ಮನೆಯಲ್ಲಿ ರೈಫಲ್ ಬಿಚ್ಚಿ ಜೋಡಿಸುವ ಮಾತೇ ಇಲ್ಲ. ಕೊಡಗಿನಲ್ಲಿ ಕೊಡವರಿಗೂ ಜಮ್ಮಾ ಎಂಬ ವಂಶಪಾರಂಪರ್ಯ ಭೂಮಿಯ ಹಿಡುವಳಿದಾರರಿಗೂ ಪರವಾನಗಿಯಿಂದ ವಿನಾಯಿತಿ ಇದೆ. ಕೊಡವರ ಕೈಲ್ ಮುಹೂರ್ತ ಹಬ್ಬದ ದಿನ ಮರದ ತುದಿಯ ತೆಂಗಿನಕಾಯಿಗೆ ಗುರಿಯಿಡುವ ಪಂದ್ಯ ನೋಡಿದವರಿಗೆ, ಉಸಿರು ಹಿಡಿದು ಬೆರಳು ಮೆಲ್ಲಗೆ ಒತ್ತುವ ಈ ಕಲೆ ಹೊಸದಲ್ಲ. ಮಿಕ್ಕವರಿಗೆ ನಮ್ಮಲ್ಲಿ ಬಾಗಿಲು ರೈಫಲ್ ಕ್ಲಬ್ಬಿನದು, ಅದರ ಏರ್ ರೈಫಲಿನದು.

ಅಮೆರಿಕದ ಕ್ಲಬ್ಬಿಗೆ ಮೊದಲ ಪಂದ್ಯಕ್ಕೆ ಹೋಗುವವರು ಏನನ್ನೂ ಬದಲಿಸದ ರೈಫಲನ್ನೇ ಒಯ್ಯಲಿ. ಕಿವಿಗೆ, ಕಣ್ಣಿಗೆ ರಕ್ಷಣೆ, ಎರಡು ಮೂರು ಮ್ಯಾಗಜೀನು, ಪರೀಕ್ಷಿಸಿ ಆರಿಸಿದ ಒಂದೇ ಬಗೆಯ ತೋಟಾ, ರೈಫಲ್ ಖಾಲಿಯಿದೆ ಎಂದು ದೂರದಿಂದಲೇ ಕಾಣುವಂತೆ ಕೋಣೆಗೆ ಸಿಕ್ಕಿಸುವ ಬಣ್ಣದ ಪ್ಲಾಸ್ಟಿಕ್ ಬಾವುಟ, ಮತ್ತು ಏಣಿಯ ಮೆಟ್ಟಿಲಿಗೂ ರೈಫಲಿಗೂ ನಡುವೆ ಇಡಲು ಅಕ್ಕಿಯನ್ನೋ ಪ್ಲಾಸ್ಟಿಕ್ ಮಣಿಗಳನ್ನೋ ತುಂಬಿದ ಬಟ್ಟೆಯ ಚೀಲ ಜೊತೆಗಿರಲಿ. ತಪ್ಪಿದ ಪ್ರತಿ ಗುಂಡು ಮೇಲೆ ಹೋಯಿತೋ, ಕೆಳಗೋ, ಪಕ್ಕಕ್ಕೋ ಎಂದು ಗಮನಿಸಿ ಹೇಳುವಂತೆ ಸಾಲಿನಲ್ಲಿ ಹಿಂದೆ ನಿಂತವರನ್ನು ಕೇಳಿ ಬರೆದುಕೊಳ್ಳಿ. ಮೇಲೆ ಕೆಳಗೆ ತಪ್ಪಿದ್ದು ಹೆಚ್ಚಿದ್ದರೆ ತೋಟಾ ಅಥವಾ ಸ್ಕೋಪಿನ ಲೆಕ್ಕ ನೋಡಬೇಕು. ಪಕ್ಕಕ್ಕೆ ತಪ್ಪಿದ್ದು ಹೆಚ್ಚಿದ್ದರೆ ಗಾಳಿ ಅಥವಾ ಟ್ರಿಗರ್ ಬೆರಳು. ಏಣಿಯ ಮೇಲೆ ಮಾತ್ರ ತಪ್ಪಿ ಮಲಗಿದಾಗ ತಾಗಿದ್ದರೆ ಅಂಗಡಿಗೆ ಹೋಗುವುದೇ ಬೇಡ, ಮನೆಯಲ್ಲಿ ಏಣಿ ಹಾಕಿ ಖಾಲಿ ರೈಫಲ್‌ನಲ್ಲಿ ಅಭ್ಯಾಸ ಮಾಡಬೇಕು.